ಊರಿಗೆ ಹೋದವರ ಸಹಿ

ಬೆಕ್ಕು ಕಚ್ಚಿತು.

ನನ್ನ ಯಜಮಾನರ ನಾಲ್ಕನೇ ಮಾಸಿಕದ ದಿನ. ವಡಾಲದ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ಕಾಗೆಗೆಂದು ಬಾಳೆಲೆಯಲ್ಲಿ ಎಡೆ ಇಟ್ಟು ನಾನೂ ನಾದಿನಿ ಶಾರದಾಳೂ ಕಾಯುತ್ತಿದ್ದೆವು. ಕಾಗೆಗಳು ನೀರಿನ ಟ್ಯಾಂಕಿನ ಮೇಲೆ ಸಾಲಾಗಿ ಕೂತಿದ್ದವು. ಒಂದೂ ಇಳಿಯಲಿಲ್ಲ. ಅಷ್ಟರಲ್ಲಿ ಬಿಲ್ಡಿಂಗಿನಲ್ಲೇ ಅಲೆಯುವ ಕಂದು ಬೆಕ್ಕು ಬಂದು ನೇರವಾಗಿ ವಡೆಗೆ ಬಾಯಿ ಹಾಕಿತು. ಕಾಗೆ ಮುಟ್ಟುವ ಮೊದಲೇ ಎಡೆ ಕೆಟ್ಟಿತಲ್ಲ ಎಂಬ ಗಾಬರಿಯಲ್ಲಿ ನಾನು ಅದರ ಬಾಯಿಂದ ವಡೆ ಕಿತ್ತುಕೊಳ್ಳಲು ಹೋದೆ.

ಹೆಬ್ಬೆರಳ ಬುಡದಲ್ಲಿ ನಾಲ್ಕು ತೂತು. ರಕ್ತ.

"ಅತ್ತಿಗೆ, ನಿಮಗೆ ಎಂತ ಮರುಳಾ? ಬೆಕ್ಕಿನ ಬಾಯಿಗೆ ಕೈ ಹಾಕುವವರುಂಟಾ?" ಎಂದು ಬೈಯುತ್ತಲೇ ಶಾರದಾ ನಲ್ಲಿಯ ಕೆಳಗೆ ನನ್ನ ಕೈ ಹಿಡಿದು ಸೋಪು ಹಾಕಿ ತೊಳೆದಳು. ತೊಳೆಯುತ್ತಾ ಟ್ಯಾಂಕಿನತ್ತ ನೋಡಿದಳು. "ಅಣ್ಣನಿಗೆ ಅಲ್ಲಿಂದ ಇಳಿಯಲಿಕ್ಕೆ ಉದಾಸೀನ. ಬೆಕ್ಕನ್ನು ಕಳಿಸಿದ್ದಾನೆ."

ನಾಲ್ಕು ತಿಂಗಳಲ್ಲಿ ನಾನು ಮೊದಲ ಸಲ ನಕ್ಕದ್ದು ಆಗ.

ಹತ್ತಿರದ ನರ್ಸಿಂಗ್ ಹೋಮಿಗೆ ಹೋದೆವು. ಡಾಕ್ಟರು ಟಿ.ಟಿ. ಕೊಟ್ಟರು. ಗಾಯದ ಸುತ್ತ ಸೀರಮ್ ಚುಚ್ಚಿದರು. ಕಣ್ಣಲ್ಲಿ ನೀರು ಬಂತು. ರೇಬೀಸ್ ವ್ಯಾಕ್ಸೀನು ಐದು ಡೋಸು ಎಂದರು. ಇವತ್ತು ಒಂದು, ಆಮೇಲೆ ಮೂರನೇ, ಏಳನೇ, ಹದಿನಾಲ್ಕನೇ, ಇಪ್ಪತ್ತೆಂಟನೇ ದಿನ. ಬೆಕ್ಕಿನ ಮೇಲೂ ಹತ್ತು ದಿನ ಕಣ್ಣಿಡಬೇಕಂತೆ.

ಬಿಲ್ಲಿಂಗ್ ಕೌಂಟರಿನಲ್ಲಿ ಶಿಂದೆ ಮೇಡಂ ಇದ್ದರು. ನಲವತ್ತರ ಆಸುಪಾಸು, ಮೂಗಿನ ತುದಿಯಲ್ಲಿ ಕನ್ನಡಕ. ಅಡ್ಮಿಟ್ ಆಗದ ಕಾರಣ ಕ್ಯಾಶ್‌ಲೆಸ್ ಇಲ್ಲ, ಈಗ ಕಟ್ಟಿ ಆಮೇಲೆ ಕ್ಲೇಮ್ ಮಾಡಿ ಎಂದು ಮರಾಠಿಯಲ್ಲಿ ವಿವರಿಸಿದರು. ಇನ್ಶೂರೆನ್ಸ್ ಕಾರ್ಡು ತಿರುಗಿಸಿ ನೋಡಿದರು. ಮೇಲೆ ಯಜಮಾನರ ಹೆಸರು, ಕೆಳಗೆ ನನ್ನದು.

"ಫಾರ್ಮಿಗೆ ಕಾಕಾನ ಸಹಿ ಬೇಕು. ಎಲ್ಲಿದ್ದಾರೆ?"

"ಊರಿಗೆ ಹೋಗಿದ್ದಾರೆ" ಎಂದೆ.

ಶಾರದಾ ನನ್ನ ಮುಖ ನೋಡಿದಳು. ಯಜಮಾನರು ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಮೂವತ್ತು ವರ್ಷ ಕ್ಯಾಶಿಯರ್ ಆಗಿದ್ದವರು. ವರ್ಷಕ್ಕೊಮ್ಮೆ ರಜೆ ಹಾಕಿ ಉಡುಪಿಗೆ ಹೋಗುತ್ತಿದ್ದರು. ಆಗ ಮನೆ ಬಾಗಿಲಿಗೆ ಬಂದವರಿಗೆಲ್ಲ ನಾನು ಹೇಳುತ್ತಿದ್ದುದು ಇದೇ ಮಾತು. ಅದು ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಇನ್ನೊಂದು ಮಾತನ್ನು ನಾನು ಹೊರಗಿನವರ ಎದುರು ಒಮ್ಮೆಯೂ ಹೇಳಿರಲಿಲ್ಲ. ಹೇಳಬೇಕಾದ ಕಡೆಗಳಲ್ಲೆಲ್ಲ ಶಾರದಾಳೇ ಹೇಳಿದ್ದಳು. ಒಂದು ಕಾರ್ಡಿನಲ್ಲಾದರೂ ಅವರ ಹೆಸರು ಮೇಲಿರಲಿ ಎಂಬ ಆಸೆಯೂ ಇತ್ತೋ ಏನೋ.

ಮೂರನೇ ದಿನ ಶಿಂದೆ ಮೇಡಂ ಕೇಳಿದರು, "ಕಾಕಾ ಆಲೇ ಕಾ?" ಬಂದಿಲ್ಲ ಎಂದೆ. ಏಳನೇ ದಿನ, ಊರಿನ ಮನೆಯ ಹೆಂಚಿನ ಮಾಡು ರಿಪೇರಿ ನಡೆಯುತ್ತಿದೆ ಎಂದೆ. ಹದಿನಾಲ್ಕನೇ ದಿನ, ಈಗ ಹಲಸಿನ ಕಾಲ, ಸದ್ಯಕ್ಕೆ ಹೊರಡುವವರಲ್ಲ ಎಂದೆ.

"ಹಾಗಾದರೆ ನನಗೂ ಹಲಸಿನ ಹಪ್ಪಳ ತರಲು ಹೇಳಿ, ಕಾಕೂ."

ಹೇಳುತ್ತೇನೆ ಎಂದು ತಲೆಯಾಡಿಸಿ ಬಂದೆ. ಮೆಟ್ಟಿಲಿಳಿಯುವಾಗ ನಗು ಬಂತು. ಗೇಟು ದಾಟುವಾಗ ಅಳು.

ಬೆಕ್ಕು ಮಾತ್ರ ಸುಖವಾಗಿತ್ತು. ಅದು ಕಣ್ಣಿಗೆ ಬೀಳುತ್ತಿರಬೇಕಲ್ಲ ಎಂದು ದಿನಕ್ಕೆರಡು ಸಲ ಹಾಲು ಇಡುತ್ತಿದ್ದೆ. ಹತ್ತು ದಿನ ಕಳೆದರೂ ಅದಕ್ಕೇನೂ ಆಗಲಿಲ್ಲ, ಕೊಂಚ ದಪ್ಪಗಾಯಿತು. ಹಾಲಿನ ಹೊತ್ತಿಗೆ ಬಾಗಿಲಲ್ಲಿ ಬಂದು ಕೂರುವುದನ್ನೂ ಕಲಿತಿತು. ಚುಚ್ಚಿಸಿಕೊಳ್ಳುವವಳು ನಾನು, ಉಪಚಾರ ಅದಕ್ಕೆ.

ಮೂವತ್ತು ದಿನದೊಳಗೆ ಕಾಗದ ಪತ್ರ ಕೊಡದಿದ್ದರೆ ಕ್ಲೇಮ್ ಇಲ್ಲ. ಶಾರದಾ ಫೋನಿನಲ್ಲಿ ಉಪಾಯ ಹೇಳಿದಳು: "ಅಣ್ಣನ ಸಹಿ ನಾನು ಹಾಕ್ತೇನೆ ಅತ್ತಿಗೆ. ಶಾಲೆಯ ಪ್ರೋಗ್ರೆಸ್ ಕಾರ್ಡಿಗೆ ಅಪ್ಪನ ಸಹಿ ಹಾಕಿದವಳು ನಾನು."

"ಸಿಕ್ಕಿಬಿದ್ದದ್ದೂ ನೀನೇ ಅಲ್ವಾ?"

"ಅದು ಬಿಡಿ. ಸಹಿ ಬೇಡದಿದ್ದರೆ ಬಾಯಿ ಬಿಟ್ಟು ಹೇಳಿ. ಅಣ್ಣ ಎಷ್ಟು ದಿನ ಅಂತ ಊರಲ್ಲಿ ಕೂತಿರೋದು?"

ಇಪ್ಪತ್ತೆಂಟನೇ ದಿನ ಒಬ್ಬಳೇ ಹೋದೆ. ಐದನೇ ಡೋಸು ಆಯಿತು. ಕೌಂಟರಿನಲ್ಲಿ ಜನ ಕಡಿಮೆಯಾಗುವವರೆಗೆ ಕಾದೆ. ಚೀಲದಿಂದ ಹಪ್ಪಳದ ಕಟ್ಟು ತೆಗೆದು ಮುಂದಿಟ್ಟೆ.

"ಅರೆ! ಕಾಕಾ ಬಂದರಾ?"

"ಬರುವುದಿಲ್ಲ. ತೀರಿಕೊಂಡಿದ್ದಾರೆ. ಐದು ತಿಂಗಳಾಯಿತು."

ಹೇಳಿಬಿಟ್ಟೆ.

ಶಿಂದೆ ಮೇಡಂ ಕನ್ನಡಕ ತೆಗೆದರು. ಹಪ್ಪಳದ ಕಟ್ಟನ್ನು ಕೈಗೆತ್ತಿಕೊಂಡರು. "ಮತ್ತೆ ಇದು?"

"ಮಾಟುಂಗದ ಅಂಗಡಿಯದ್ದು."

ಅವರು ಒದ್ದೆ ಕಣ್ಣಲ್ಲೇ ನಕ್ಕರು. ಆಮೇಲೆ ಕುರ್ಚಿ ಎಳೆದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇನ್ಶೂರೆನ್ಸಿನವರಿಗೆ ಫೋನು ಹಚ್ಚಿ ಕೇಳಿದರು. ಈ ವರ್ಷದ ಪ್ರೀಮಿಯಂ ಯಜಮಾನರೇ ಕಟ್ಟಿ ಹೋಗಿದ್ದರು. ಪಾಲಿಸಿಯಲ್ಲಿ ನಾನೂ ಇದ್ದೇನೆ, ನನ್ನ ಸಹಿಯೇ ಸಾಕಂತೆ. ಜೊತೆಗೆ ಡೆತ್ ಸರ್ಟಿಫಿಕೇಟಿನ ಜೆರಾಕ್ಸ್ ಮತ್ತು ಹೆಸರು ಬದಲಿಸಲು ಒಂದು ಅರ್ಜಿ. ಸುಮ್ಮನೆ ಹಾಕಿಸಿಕೊಂಡ ಲಸಿಕೆಗೆ ಈ ಪಾಲಿಸಿ ಹಣ ಕೊಡುವುದಿಲ್ಲ. ಪ್ರಾಣಿ ಕಚ್ಚಿದ ಮೇಲಿನ ಲಸಿಕೆಗೆ ಕೊಡುತ್ತದೆ. ಅವರ ಸಹಿಯಿಲ್ಲದೆ ಹಣ ಸಿಗದೆಂದು ಅಷ್ಟು ದಿನ ನಾನು ಸುಮ್ಮಸುಮ್ಮನೆ ಹೆದರಿದ್ದೆ.

ಅವರ ಸಹಿಯ ಜಾಗದಲ್ಲಿ ನನ್ನ ಸಹಿ ಹಾಕಿದೆ. ಕಚ್ಚಿಸಿಕೊಂಡ ಕೈಯಿಂದಲೇ.

ಹಣ ಬಂತು, ಹೆಸರು ಬರೆಸುವ ಕೇಸ್ ಪೇಪರು ಮತ್ತು ಸಿರಿಂಜಿನ ದುಡ್ಡು ಬಿಟ್ಟು. ಹೊಸ ಕಾರ್ಡೂ ಬಂತು. ಅದರಲ್ಲಿ ನನ್ನ ಹೆಸರೊಂದೇ. ಯಜಮಾನರ ಪರ್ಸಿನಲ್ಲಿ ಹಳೆಯ ಕಾರ್ಡಿನ ಹಿಂದೆ ಅದನ್ನು ಇಟ್ಟಿದ್ದೇನೆ. ಹೆಬ್ಬೆರಳು ಚಳಿಗೆ ಸ್ವಲ್ಪ ಸೆಳೆಯುತ್ತದೆ, ಅಷ್ಟೆ.

ಆರನೇ ಮಾಸಿಕಕ್ಕೆ ಶಾರದಾ ಎರಡು ಎಲೆ ಹಾಕಿದಳು. ದೂರದ ಮೂಲೆಯದ್ದು ಬೆಕ್ಕಿಗೆ. ಅದು ತಿನ್ನಲು ಕೂತ ಮೇಲೆ ಟ್ಯಾಂಕಿನಿಂದ ಒಂದು ಕಾಗೆ ಇಳಿದು ಬಂತು.

ಈ ಸಲ ನಾನು ಕೈ ಕಟ್ಟಿಕೊಂಡು ನಿಂತಿದ್ದೆ.