ಗಾದಿ ಯಾಕೆ ಸಿಗಲಿಲ್ಲ ಎಂದು ಕೇಳಿದ ನೀಲಪ್ಪ

ಜರ್ಮನ್ ಲಡಾಯಿಗೆ ಮುಂಚಿನ ಮಾತು. ಬೈಲಹೊಂಗಲ ಪೇಟೆಯಲ್ಲಿ ಹೊಸದಾಗಿ ತೆರೆದ ಸಹಕಾರಿ ಬ್ಯಾಂಕಿನಲ್ಲಿ ಸಂಪಗಾಂವದ ನೀಲಪ್ಪ ಕಾರಕೂನನಾಗಿದ್ದ. ಕುರ್ಚಿ ಮೇಜು ಇನ್ನೂ ಬಂದಿರಲಿಲ್ಲ. ಕಾರಕೂನರೆಲ್ಲ ಜಮಖಾನೆಯ ಮೇಲೆ ಕುಳಿತು ಬರೆಯುತ್ತಿದ್ದರು. ಮೆತ್ತನೆಯ ಗಾದಿ ಇದ್ದದ್ದು ಹಿರೇ ಕಾರಕೂನನಿಗೆ ಮಾತ್ರ. ಆತ ಮುಪ್ಪಾಗಿ ಕೆಲಸ ಬಿಟ್ಟು ಕಿತ್ತೂರಿನ ಮಗಳ ಮನೆಗೆ ಹೋದ ಮೇಲೆ ಗಾದಿ ಖಾಲಿಯಾಯಿತು. ಅದರ ಮೇಲೆ ಕೂರಬೇಕೆಂಬ ಆಸೆ ನೀಲಪ್ಪನಿಗೆ ಬಹಳ ಇತ್ತು.

ಆದರೆ ಚೇರಮನ್ ರಾಮಲಿಂಗಪ್ಪನವರು ಯಾರನ್ನು ಏರಿಸುತ್ತಾರೆ, ಯಾಕೆ ಏರಿಸುತ್ತಾರೆ? ಹತ್ತಿ ವ್ಯಾಪಾರದ ಆ ಮನುಷ್ಯ ಒಂದು ದಿನವೂ ಬಾಯಿ ಬಿಟ್ಟವರಲ್ಲ. ನೀಲಪ್ಪನ ತಲೆಯಲ್ಲಿ ಅದೇ ಹುಳ.

ಸಿಪಾಯಿ ಯಮನಪ್ಪನನ್ನು ಕೇಳಿದ. "ಅವರು ರುಮಾಲ ನೋಡತಾರ್ರಿ. ನಿಮ್ಮ ರುಮಾಲ ಎಮ್ಮಿ ಮೈ ತಿಕ್ಕಿ ತಂದಂಗ ಐತಿ," ಎಂದು ನಕ್ಕ.

ಜೊತೆಯ ಕಾರಕೂನ ಮಡಿವಾಳೆಪ್ಪ, "ಬೀಗರೊ ನೆಂಟರೊ ಆಗಿರಬೇಕಪಾ. ನಾನೂ ಅಲ್ಲ, ನೀನೂ ಅಲ್ಲ. ಸುಮ್ನ ಬರಿ," ಎಂದ.

ಎಲ್ಲರಿಗಿಂತ ಮೊದಲು ಬಂದು ಕೊನೆಗೆ ಹೋಗುವವನೇ ಕಣ್ಣಿಗೆ ಬೀಳುತ್ತಾನೆ ಎಂದುಕೊಂಡ ನೀಲಪ್ಪ. ಕೋಳಿ ಕೂಗುವ ಹೊತ್ತಿಗೆ ಊರು ಬಿಟ್ಟು ನಡೆದು ಬರುವನು. ಸಂಜೆ ಕಂದೀಲು ಹಚ್ಚಿಕೊಂಡು ಕೂರುವನು. ಹೆಂಡತಿ ಕೃಷ್ಣವ್ವ, "ಬ್ಯಾಂಕಿಗೆ ಹಾಸಿಗಿನೂ ಒಯ್ರಿ," ಎಂದು ಚುಚ್ಚಿದಳು.

ಹೀಗಿರುವಾಗ ಒಂದು ಮಧ್ಯಾಹ್ನ ರಾಮಲಿಂಗಪ್ಪನವರು ಹೇಳದೆ ಕೇಳದೆ ಬ್ಯಾಂಕಿಗೆ ಬಂದರು. ಮಡಿವಾಳೆಪ್ಪ ಒಬ್ಬ ಮುದುಕನಿಗೆ ಕಾಗದ ಓದಿ ಹೇಳುತ್ತಿದ್ದ. ನೀಲಪ್ಪ ಕಂಬಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದ. ಯಮನಪ್ಪ ಕೆಮ್ಮಿಯೇ ಕೆಮ್ಮಿದ, ಇವನಿಗೆ ಎಚ್ಚರವಾಗಲಿಲ್ಲ.

ಮರುದಿನ ಮಡಿವಾಳೆಪ್ಪನನ್ನು ಗಾದಿಯ ಮೇಲೆ ಕೂರಿಸಿದರು. ಕಾರಣ ಮಾತ್ರ ಹೇಳಲಿಲ್ಲ. ನೀಲಪ್ಪನಿಗೆ ತಡೆಯಲಾಗಲಿಲ್ಲ, ಚೇರಮನ್ನರ ಹತ್ತಿ ಅಂಗಡಿಗೇ ಹೋದ.

"ಸಾವಕಾರ್ರ, ಸಿಟ್ಟಾಗಬ್ಯಾಡ್ರಿ. ಗಾದಿ ಕೇಳಾಕ ಬಂದಿಲ್ಲ. ಯಾಕ ಸಿಗಲಿಲ್ಲ ಅಂತ ಕೇಳಾಕ ಬಂದೇನಿ."

ಹೀಗೆ ಅವರನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಎದುರಿನ ಚೀಲದೊಳಗೆ ಮೊಳಕೈವರೆಗೆ ಕೈ ಇಳಿಸಿ ಒಂದು ಹಿಡಿ ಹತ್ತಿ ಹೊರಗೆಳೆದರು. "ಚೀಲದ ಬಾಯಾಗ ಎಲ್ಲಾರೂ ಚಲೋ ಹತ್ತಿನ ಇಟ್ಟಿರತಾರ. ನಾವು ನಡುವ ಕೈ ಹಾಕತೇವಿ. ನಿಮ್ಮ ಕೆಲಸಾನೂ ನಡು ಹೊತ್ತಿನ್ಯಾಗ ನೋಡತೇನಿ. ನೀ ಗೊರಕಿ ಹೊಡಿಯಾಕ ಹತ್ತಿದ್ದಿ."

"ಸಂಜಿ ಮುಂದ ಕಂದೀಲ ಹಚ್ಚಿ ಕುಂತದ್ದು ನೋಡ್ಲೇ ಇಲ್ಲೇನ್ರಿ?"

"ಹತ್ತಿ ಪ್ಯಾಟಿ ಬಿಟ್ಟು ಸಂಜಿ ಮುಂದ ನಾ ಯಾವತ್ತ ಬ್ಯಾಂಕಿಗೆ ಬಂದೇನೋ? ಎಣ್ಣಿ ಯಾಕ ಅಷ್ಟು ಸುಡತೈತಿ ಅಂತ ಈಗ ತಿಳೀತು!"

ನೀಲಪ್ಪನಿಗೆ ನಾಚಿಕೆಯೂ ಬಂತು, ನಗುವೂ ಬಂತು. "ಇದನ್ನ ಮೊದಲ ಹೇಳಬಾರದಿತ್ತೇನ್ರಿ?"

"ಹೇಳಿದ್ರ ಎಲ್ಲಾರೂ ಮಧ್ಯಾಹ್ನ ಎಚ್ಚರ ಇರತಿದ್ರಿ."

"ಅದು ಬ್ಯಾಂಕಿಗೆ ಚಲೋನ ಅಲ್ಲೇನ್ರಿ?"

ರಾಮಲಿಂಗಪ್ಪನವರು ಹತ್ತಿಯನ್ನು ಹಿಂಜಿ ನೋಡಿ ಮತ್ತೆ ಚೀಲಕ್ಕೆ ತುರುಕಿದರು. ಆಮೇಲೆ, "ಗಾದಿ ಕೊಟ್ಟಾಗೇತಿ, ಅದನ್ನ ಕಸಗೊಳ್ಳೂದಿಲ್ಲ. ಆದ್ರ ನಾ ಏನೇನ ನೋಡತೇನಿ ಅಂತ ನಾಳೆ ಎಲ್ಲಾರ್ನೂ ಕರದು ಹೇಳತೇನಿ. ಪಾಪ, ಯಮನಪ್ಪಗ ಹರಟಿ ಹೊಡಿಯಾಕ ಮಾತ ಉಳಿಯೂದಿಲ್ಲ," ಎಂದರು.

ಅಂದು ನೀಲಪ್ಪ ಹೊತ್ತು ಮುಳುಗುವ ಮೊದಲೇ ಮನೆ ಸೇರಿದ.

"ಗಾದಿ ಸಿಕ್ತೇನ್ರಿ?" ಎಂದಳು ಕೃಷ್ಣವ್ವ.

"ಇಲ್ಲ. ಯಾಕ ಸಿಗಲಿಲ್ಲ ಅನ್ನೂದು ಸಿಕ್ತು."

"ಅದನ್ನ ಹಾಸಿ ಕೂಡ್ರಾಕ ಬರತೈತೇನು?" ಎನ್ನುತ್ತಲೇ ಆಕೆ ಹಂಚಿನ ಮೇಲಿನ ರೊಟ್ಟಿಯನ್ನು ಅವನ ತಟ್ಟೆಗೆ ಹಾಕಿದಳು. ಎಷ್ಟೋ ದಿನಗಳ ಮೇಲೆ ನೀಲಪ್ಪ ಬಿಸಿ ರೊಟ್ಟಿ ತಿಂದ.