ನಕ್ಕರೆ ಒಡೆಯುವ ಮುಖ

ಐವತ್ತೆಂಟು ವರ್ಷ ಮುಖಕ್ಕೆ ಅರಿಸಿನ, ಕಡಲೆಹಿಟ್ಟು, ತಪ್ಪಿದರೆ ಒಂದಿಷ್ಟು ಪೌಡರು, ಇಷ್ಟರಲ್ಲೇ ಕಳೆದವಳು ನಾನು. ಮಗಳ ಮದುವೆಯಲ್ಲಿ ನನಗೂ ಮೇಕಪ್ ಆಗಲೇಬೇಕೆಂದು ಹಟ ಹಿಡಿದದ್ದೂ ನಾನೇ, ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ. ನಿಶ್ಚಿತಾರ್ಥದ ಫೋಟೊ ನೋಡಿ ನನ್ನ ನಾದಿನಿ, “ಅತ್ತಿಗೆ, ನೀವು ಹುಡುಗಿಯ ಅಜ್ಜಿ ಥರ ಬಂದಿದ್ದೀರ” ಎಂದುಬಿಟ್ಟಿದ್ದಳು. ಆ ಮಾತು ನನಗಿನ್ನೂ ಜೀರ್ಣವಾಗಿರಲಿಲ್ಲ.

ಮದುವೆ ಹೂಟಗಳ್ಳಿಯ ಒಂದು ಛತ್ರದಲ್ಲಿ. ಹಿಂದಿನ ಸಂಜೆ ಆರತಕ್ಷತೆ. ಮಗಳ ಮೇಕಪ್ಪಿಗೆ ಬಂದಿದ್ದ ಹುಡುಗಿ ನನ್ನ ಕಣ್ಣಿನ ಕೆಳಗಿನ ಗೆರೆಗಳನ್ನು ಹತ್ತಿರದಿಂದ ನೋಡಿ, “ಆಂಟಿ, ನಿಮಗೆ ಫೌಂಡೇಶನ್ ತೆಳ್ಳಗೆ ಹಚ್ತೀನಿ. ಜಾಸ್ತಿ ಆದ್ರೆ ಸುಕ್ಕೊಳಗೆ ಹೋಗಿ ಕೂತ್ಕೊಳ್ಳುತ್ತೆ” ಎಂದಳು. ನಾನು ಕೇಳುವವಳೇ? “ಮದುವೆ ಮನೇಲಿ ಅದೇನಮ್ಮ ಜಿಪುಣತನ? ಧಾರಾಳವಾಗಿ ಹಾಕು” ಎಂದೆ. ಹಾಕಿದಳು. ಇನ್ನೊಂದು ಕೈ ಎಂದೆ. ಅದರ ಮೇಲೆ ಪೌಡರನ್ನೂ ಒತ್ತಿಸಿಕೊಂಡೆ. ಕನ್ನಡಿ ನೋಡಿದರೆ ಒಂದು ಗೆರೆಯೂ ಇಲ್ಲ! ಖುಷಿಗೆ ಹಲ್ಲು ಬಿಟ್ಟೆ ನೋಡಿ, ಕಣ್ಣಂಚಿನಲ್ಲಿ, ಬಾಯಿ ಸುತ್ತ, ಹಳೇ ಗೋಡೆಯ ಸುಣ್ಣದ ಹಾಗೆ ಬಿರುಕು ಬಿಟ್ಟಿತು.

ಹುಡುಗಿ ತೇಪೆ ಹಾಕಿ, “ಫೋಟೊ ಆಗೋವರೆಗೂ ನಗಬೇಡಿ ಆಂಟಿ, ಅಳಲೂ ಬೇಡಿ” ಎಂದು ತಾಕೀತು ಮಾಡಿದಳು. ಮಗಳ ಮದುವೆಯಲ್ಲಿ ತಾಯಿಯಾದವಳಿಗೆ ಬೇರೆ ಕೆಲಸವಾದರೂ ಏನಿರುತ್ತದೆ?

ಬಾಗಿಲಲ್ಲಿ ಬೀಗರನ್ನು ಎದುರುಗೊಳ್ಳಲು ನಿಂತೆ. ಇಲವಾಲದಿಂದ ಬಂದ ವ್ಯಾನಿನಿಂದ ಗಂಡಿನ ತಾಯಿ ಇಳಿದರು. ನಿಶ್ಚಿತಾರ್ಥದ ದಿನ ಮಾತುಮಾತಿಗೂ ಗಹಗಹಿಸಿದ್ದ ಹೆಂಗಸು ಇವತ್ತು ಮುಖ ಬಿಗಿದುಕೊಂಡಿದ್ದಾರೆ. ಪನ್ನೀರು ಚಿಮುಕಿಸಲು ಹೋದರೆ ಸರ್ರನೆ ಹಿಂದಕ್ಕೆ ಸರಿದರು. ನಾಳೆಯಿಂದ ನನ್ನ ಮಗಳು ಬಾಳಬೇಕಾದದ್ದು ಇವರ ಜೊತೆಯಲ್ಲಿ. ತಾಳಿ ಬೀಳುವ ಮೊದಲೇ ಹೀಗಾದರೆ ಆಮೇಲೆ ಅವಳ ಗತಿಯೇನು?

“ಬೀಗಿತ್ತಿ ಮುಖ ಊದಿಸ್ಕೊಂಡವ್ರೆ ಕಣತ್ತಿಗೆ. ಏನೋ ಆಗ್ಬುಟ್ಟಿದೆ” ಎಂದು ನಾದಿನಿ ಕಿವಿಯಲ್ಲಿ ಉಸುರಿದಳು. ಕೊಟ್ಟ ರೂಮು ಸರಿಯಿಲ್ಲವೇ, ಕಾಫಿ ತಡವಾಯಿತೇ ಎಂದು ವಿಚಾರಣೆ ಶುರುವಾಯಿತು. ನಮ್ಮ ಯಜಮಾನರು ಖುದ್ದಾಗಿ ಕಾಫಿ ಹಿಡಿದುಕೊಂಡು ಹೋದರು. ಬೀಗಿತ್ತಿ ಅದಕ್ಕೆ ಸ್ಟ್ರಾ ಕೇಳಿದರಂತೆ! “ಬಿಸಿ ಕಾಫಿಗೆ ಸ್ಟ್ರಾ ಕೇಳೋರು ಜಗಳಕ್ಕೇ ಬಂದಿರೋದು” ಎಂದು ನಾದಿನಿ ತೀರ್ಪು ಕೊಟ್ಟಳು.

ಅಷ್ಟರಲ್ಲಿ ಬೀಗರು ನಮ್ಮ ಯಜಮಾನರನ್ನು ಕಂಬದ ಹಿಂದೆ ಕರೆದುಕೊಂಡು ಹೋಗಿ, “ಬೀಗ್ರೇ, ನಿಮ್ಮನೆಯವ್ರಿಗೆ ನಮ್ಮ ಹುಡುಗ ಇಷ್ಟ ಇಲ್ವಾ? ಬಂದಾಗಿಂದ ನೋಡ್ತಿವ್ನಿ, ಒಂದು ನಗು ಇಲ್ಲ” ಎಂದರಂತೆ. ಇವರು ಬೆವರು ಒರೆಸಿಕೊಳ್ಳುತ್ತ ನನ್ನ ಬಳಿ ಬಂದು, “ನಿನ್ನ ದಮ್ಮಯ್ಯ, ಒಂದ್ಸಲ ನಕ್ಬುಡೇ” ಎಂದು ಗೋಗರೆದರು.

“ಫೋಟೊ ಆಗ್ಲಿ, ಆಮೇಲೆ ಎಷ್ಟು ಬೇಕಾದ್ರೂ ನಗ್ತೀನಿ” ಎಂದೆ. ಅಜ್ಜಿ ಅನ್ನಿಸಿಕೊಂಡವಳ ಸಂಕಟ ಗಂಡಸರಿಗೇನು ಗೊತ್ತು?

ಕೊನೆಗೆ ವೇದಿಕೆಗೆ ಕರೆದರು. ಫೋಟೊದವನು ನಮ್ಮಿಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, “ಅಮ್ಮಾವ್ರೇ, ಇಬ್ರೂ ಸ್ವಲ್ಪ ನಗಿ” ಎಂದ. ಇಬ್ಬರೂ ಅಲ್ಲಾಡಲಿಲ್ಲ. ನನಗೆ ತಡೆಯಲಾಗಲಿಲ್ಲ. ತುಟಿ ಕದಲಿಸದೆ, “ಅಕ್ಕ, ನಮ್ಮಿಂದ ಏನಾದ್ರೂ ತಪ್ಪಾಯ್ತಾ?” ಎಂದು ಕೇಳಿದೆ.

ಅವರೂ ತುಟಿ ಕದಲಿಸದೆ ಹೇಳಿದರು: “ಅಯ್ಯೋ, ಎಂಥದ್ದೂ ಇಲ್ಲ ಕಣಮ್ಮ. ಮೇಕಪ್ ಹಾಕಿಸ್ಕೊಂಬುಟ್ಟಿವ್ನಿ. ನಕ್ಕರೆ ಒಡೆದೋಯ್ತದೆ.”

ಆಮೇಲೆ ಯಾರು ತಡೆಯುತ್ತಾರೆ? ಮೊದಲು ನನ್ನ ಹೊಟ್ಟೆ ಕುಲುಕಿತು, ಆಮೇಲೆ ಅವರದ್ದು. ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ಬಿದ್ದು ಬಿದ್ದು ನಕ್ಕೆವು. ಇಬ್ಬರ ಮುಖದ ಸುಣ್ಣವೂ ಬಿರಿದು ಒಳಗಿನ ಅಜ್ಜಿಯರು ಈಚೆ ಬಂದರು. ಫೋಟೊದವನು ಅದನ್ನೇ ಹೊಡೆದುಕೊಂಡ.

ಬೆಳಿಗ್ಗೆ ಮುಹೂರ್ತಕ್ಕೆ ಮೇಕಪ್ ಹುಡುಗಿಯನ್ನು ನಾನು ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ಬೀಗಿತ್ತಿಯೂ ಅರಿಸಿನ ಹಚ್ಚಿ ತೊಳೆದ ಮುಖದಲ್ಲೇ ಬಂದಿದ್ದರು. ಮಗಳ ಕೈ ಮೇಲೆ ಧಾರೆ ಎರೆದೆ. ಎತ್ತಿ ಆಡಿಸಿದ ಕೂಸು, ಇನ್ನು ಬೇರೆ ಮನೆಯವಳು. ಹಿಂದಿನ ದಿನದ ಅಭ್ಯಾಸವೋ ಏನೋ, ಮುಖ ಬಿಗಿದು, ತುಟಿ ಕಚ್ಚಿಕೊಂಡು ನಿಂತಿದ್ದೆ.

ಬೀಗಿತ್ತಿ ಪಕ್ಕಕ್ಕೆ ಬಂದು ತಮ್ಮ ಸೆರಗಿನ ತುದಿಯನ್ನು ನನ್ನ ಕೈಗೆ ಕೊಟ್ಟರು. “ಅತ್ಬುಡಿ ಕಣಮ್ಮ” ಎಂದರು. “ಇವತ್ತು ಒಡೆಯೋಕೆ ಏನೂ ಇಲ್ಲ.”

ಅವರ ರೇಷ್ಮೆ ಸೆರಗನ್ನೆಲ್ಲ ಒದ್ದೆ ಮಾಡಿಬಿಟ್ಟೆ.