ಬೀಗರ ಬಾಗಿಲಿಗೆ ಬೆಟ್ಟದ ಸೈಕಲ್ಲು

ರಾಜಾನುಕುಂಟೆಯಲ್ಲಿ ಅಶ್ವತ್ಥ್‌ನನ್ನು ತಿಳಿಯದವರಿಲ್ಲ. ಅಪ್ಪ ರಾಗಿ ಬೆಳೆದ ಹೊಲದಲ್ಲಿ ಅವನು ಸೈಟು ಬೆಳೆದ. ಸೈಟೆಲ್ಲ ಮಾರಾಟವಾದ ಮೇಲೆ ಬೆಳೆಯಲು ಹೊಟ್ಟೆಯೊಂದೇ ಉಳಿಯಿತು. ಡಾಕ್ಟರು ಸಕ್ಕರೆ ಕಾಯಿಲೆ ಎಂದರು, ದಿನಾ ನಡೆಯಿರಿ ಎಂದರು. ಮನೆಮುಂದೆ ಎರಡು ಕಾರು ನಿಲ್ಲಿಸಿಕೊಂಡು ಬೀದಿಯಲ್ಲಿ ನಡೆದರೆ ಊರವರು ಏನೆಂದುಕೊಂಡಾರು ಎಂಬುದು ಅಶ್ವತ್ಥ್‌ನ ಚಿಂತೆ.

ದಾರಿ ತೋರಿಸಿದವನು ಗೆಳೆಯ ಭೀಮರಾಜ್, ತಣಿಸಂದ್ರದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸುವವನು. "ನಡೆಯೋದೆಲ್ಲ ರಿಟೈರ್ ಆದೋರಿಗೆ ಮಗಾ. ನಾವು ಸೈಕಲ್ ಹೊಡೆಯೋಣ. ಬೆಟ್ಟ ಹತ್ತೋ ಸೈಕಲ್ಲು!" ಎಂದ. ಯಲಹಂಕದಲ್ಲಿ ಗ್ರಾನೈಟ್ ಅಂಗಡಿ ಇಟ್ಟ ನಂದಕುಮಾರ್ ಕೂಡ ಸೇರಿಕೊಂಡ. ಮೂವರೂ ಸಣ್ಣ ಕಾರಿನ ಬೆಲೆಗೆ ಒಂದೊಂದು ಸೈಕಲ್ ತಂದರು. ಭಾನುವಾರ ಬೆಳಗ್ಗೆ ನಂದಿ ರಸ್ತೆಯಲ್ಲಿ ಒಂದಿಷ್ಟು ತುಳಿಯುವುದು, ತುಳಿದದ್ದಕ್ಕಿಂತ ಹೆಚ್ಚು ಇಡ್ಲಿ ತಿನ್ನುವುದು. ಭೀಮರಾಜನ ಅಪಾರ್ಟ್‌ಮೆಂಟಿನ ಹುಡುಗರು ಸುತ್ತ ನಿಂತು, "ವಾವ್, ಕಾರ್ಬನ್ ಫ್ರೇಮಾ ಸರ್?" ಎಂದು ಮುಟ್ಟಿ ನೋಡುವಾಗ ಅಶ್ವತ್ಥ್ ಉಬ್ಬಿಹೋಗುತ್ತಿದ್ದ. ಕಾರಿದ್ದವನು ಸೈಕಲ್ ಹತ್ತಿದರೆ ಇನ್ನೂ ದೊಡ್ಡ ಮನುಷ್ಯನಾಗುತ್ತಾನೆ ಎಂಬ ಗುಟ್ಟು ಅವನಿಗೆ ಗೊತ್ತಾಗಿತ್ತು. ಆ ಗುಟ್ಟು ಯಾವ ಊರಿನ ತನಕ ನಡೆಯುತ್ತದೆ ಎಂದು ಮಾತ್ರ ಆ ಪುಣ್ಯಾತ್ಮ ಯೋಚಿಸಲಿಲ್ಲ.

ಚಳಿಗಾಲ ಬಂತು. ದೊಡ್ಡಬಳ್ಳಾಪುರದ ಆಚೆಯ ಗುಡ್ಡಗಳನ್ನು ಬಳಸಿ, ಮಂಚೇನಹಳ್ಳಿ ಹಾದು ಗುಡಿಬಂಡೆಯ ಬೆಟ್ಟ ಹತ್ತಿ ಬರುವ ಯಾತ್ರೆ ನಿಗದಿಯಾಯಿತು. ಹಿಂದೆ ಭೀಮರಾಜನ ದೊಡ್ಡ ಕಾರು. ಅದರಲ್ಲಿ ಡ್ರೈವರು, ಹಾಸಿಗೆ, ಸೊಳ್ಳೆಬತ್ತಿ, ಬಿರಿಯಾನಿ. ದಾರಿಯಲ್ಲಿ ತೆಗೆಯುವ ವಿಡಿಯೋದಲ್ಲಿ ಕಾರು ಕಂಡರೆ ಮರ್ಯಾದೆ ಹೋಗುತ್ತದೆ, ಕಣ್ಣಿಗೆ ಕಾಣದಷ್ಟು ಹಿಂದೆ ಬರಬೇಕು ಎಂದು ಅಶ್ವತ್ಥನೇ ಕಟ್ಟಪ್ಪಣೆ ಮಾಡಿದ್ದ.

ಗುಡಿಬಂಡೆಯ ಜತೆ ಅವನಿಗೆ ಇನ್ನೊಂದು ನಂಟೂ ಇತ್ತು. ಮಗಳು ಪದ್ಮಶ್ರೀಗೆ ಅಲ್ಲಿಯ ಚಿಕ್ಕಬೈರಪ್ಪನವರ ಮಗನನ್ನು ನೋಡಿದ್ದರು. ಮೂರು ಅಂತಸ್ತಿನ ಮನೆ, ಆನೆ ಹೋಗುವಂಥ ಗೇಟು, ಅಂಗಳದಲ್ಲಿ ಜೆಸಿಬಿ. ಗೇಟು ನೋಡಿದಾಗಲೇ ಅಶ್ವತ್ಥ್ ಮನಸ್ಸಿನಲ್ಲಿ ಸಂಬಂಧ ಕುದುರಿಸಿದ್ದ. ಹುಡುಗನನ್ನು ಆಮೇಲೆ ನೋಡಿದ. ಮುಂದಿನ ವಾರ ಒಪ್ಪಿಗೆ ಶಾಸ್ತ್ರ. ಪದ್ಮಶ್ರೀ "ನೀವು ಹೇಳ್ದಂಗೆ ಅಪ್ಪಾ" ಎಂದಿದ್ದಳು. ಒಳ್ಳೆಯ ಮಗಳು ಎಂದು ಅಪ್ಪ ಹಿಗ್ಗಿದ.

ಮಂಚೇನಹಳ್ಳಿಯಲ್ಲಿ ಸೋದರತ್ತೆ ಪಟಾಲಮ್ಮನ ಮನೆ. ನೆಂಟರ ಊರನ್ನು ಅವರ ಹೊಸಿಲು ತುಳಿಯದೆ ದಾಟಿದರೆ ಸಾಯುವ ತನಕ ಮಾತು ಕೇಳಬೇಕು. ಗೆಳೆಯರು ಕಾರಿಗಾಗಿ, ಅಂದರೆ ಬಿರಿಯಾನಿಗಾಗಿ, ಊರಾಚೆ ಕಾದು ಕುಳಿತರು. ಅಶ್ವತ್ಥ್ ಒಬ್ಬನೇ ಬಂದ. ಮೈಯೆಲ್ಲ ಕೆಸರು, ತೊಡೆಗಂಟಿದ ಚಡ್ಡಿ. ಏರು ಹತ್ತಲಾರದೆ ಸೈಕಲ್ ತಳ್ಳುತ್ತಿದ್ದ.

ಅತ್ತೆ ಮೊರ ಬಿಸಾಕಿ ಓಡಿಬಂದಳು. "ಅಯ್ಯೋ ನಮ್ಮಪ್ಪಾ! ಇಂಗಾಗೋದ್ಯಲ್ಲೋ! ಕಾರ್ ಮಾರ್ಬುಟ್ಯಾ?"

"ಇಲ್ಲ ಅತ್ತೆ, ಇದು ಎಕ್ಸರ್‌ಸೈಜು. ಈ ಸೈಕಲ್ಲಿಗೇ ಕಾರಿನಷ್ಟು ರೇಟು."

ಈಗ ಅತ್ತೆ ನಿಜವಾಗಿಯೂ ಅತ್ತಳು. ಆಸ್ತಿಯ ಜತೆಗೆ ಬುದ್ಧಿಯೂ ಹೋಗಿದೆ ಎಂದು ಅವಳಿಗೆ ಖಾತ್ರಿಯಾಯಿತು. ಬಿಸಿ ಮುದ್ದೆ ಇಕ್ಕಿ, ರಾಗಿ ಹಿಟ್ಟು, ಅವರೆಕಾಯಿ ಗಂಟುಕಟ್ಟಿ ಹ್ಯಾಂಡಲ್ಲಿಗೆ ತೂಗುಹಾಕಿ, "ಯಾರ್ಗೂ ಏಳಾಕಿಲ್ಲ, ಓಗ್ಬಾ ಮಗ" ಎಂದು ಕಳಿಸಿದಳು. ಅವನು ಬೀದಿಯ ತಿರುವು ದಾಟುವಷ್ಟರಲ್ಲಿ ಗುಡಿಬಂಡೆಯ ತನಕ ನೆಂಟರಿಗೆಲ್ಲ ಫೋನು ಹೋಗಿತ್ತು.

ಮರುದಿನ ಬೆಳಗ್ಗೆ ಚಿಕ್ಕಬೈರಪ್ಪನವರ ಕರೆ. "ಶಾಸ್ತ್ರ ಸದ್ಯಕ್ಕೆ ಬ್ಯಾಡ ಬುಡಿ. ಜಾತಕ ಇನ್ನೊಂದ್ಸಲ ತೋರ್ಸ್ಬೇಕು."

ಅಶ್ವತ್ಥ್ ರಸ್ತೆಬದಿಯಲ್ಲೇ ಸೈಕಲ್ ನಿಲ್ಲಿಸಿದ. ಶಾಸ್ತ್ರದ ದಿನ ಊರಿಗೆಲ್ಲ ಹೇಳಿಯಾಗಿತ್ತು. ಈ ಚಡ್ಡಿಯ ದೆಸೆಯಿಂದ ಮಗಳ ಹೆಸರು ಊರ ಬಾಯಿಗೆ ಬೀಳುತ್ತದಲ್ಲ ಎಂದು ಗೆಳೆಯರ ಮುಂದೆ ಹಲುಬಿದ. ವಿಷಯ ಕೇಳಿದ ಭೀಮರಾಜ್, "ಕಾರ್ ತಗೊಂಡ್ ಹೋಗು ಗುರು, ಜಾತಕ ತಾನೇ ಕೂಡ್ಬರುತ್ತೆ" ಎಂದ. ಪಂಚೆ ಉಟ್ಟು, ಸೈಕಲ್ಲನ್ನು ಕಾರಿನ ತಲೆಮೇಲೆ ಕಟ್ಟಿಸಿ, ಅಶ್ವತ್ಥ್ ಡ್ರೈವರನೊಂದಿಗೆ ಹೊರಟ.

ಗೇಟು ತೆರೆಯಿತು. ಚಿಕ್ಕಬೈರಪ್ಪ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಜಾತಕ ಅಲ್ಲೇ ಎಲ್ಲೋ ಬರೆದಿತ್ತೋ ಏನೋ, ಮುಖ ಅರಳಿತು. ಒಳಗೆ ಕರೆದು ಸೋಫಾದಲ್ಲಿ ಕೂರಿಸಿದರು. ಪಾಯಸ ಬಂತು, ಶಾಸ್ತ್ರ ಮೊದಲು ಹೇಳಿದ ದಿನವೇ ಎಂದಾಯಿತು.

"ಎದ್ರುಕೊಂಡ್ಬುಟ್ಟಿದ್ವಿ ಕಣ್ರೀ," ಎಂದು ಅವರು ಮನಸಾರೆ ನಕ್ಕರು. "ದಿವಾಳಿ ಮನೆ ಎಣ್ಣು ತಂದ್ಕೊಂಡು ಏನ್ ಮಾಡೋದು ಏಳಿ? ಮದ್ವೆ ಆದ್ಮೇಲೆ ಗೊತ್ತಾಗಿದ್ರೆ ವಾಪಸ್ ಕಳ್ಸೋದೂ ತಲೆನೋವು."

ಅಶ್ವತ್ಥ್ ಕೂಡ ನಗಲು ಬಾಯಿ ತೆರೆದ. ನಗು ಬರಲಿಲ್ಲ. ನಾಳೆ ವ್ಯವಹಾರ ಮುಳುಗಿದರೆ ಪದ್ಮಶ್ರೀ ಈ ಗೇಟಿನ ಹೊರಗೆ ಪೆಟ್ಟಿಗೆ ಹಿಡಿದು ನಿಲ್ಲುತ್ತಾಳೆ. ಹೇಳುವುದಕ್ಕೆ ಅವರಿಗೆ ಸಂಕೋಚವೂ ಇರಲಿಲ್ಲ. ಅವನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಅವರು ಕಾರು ನೋಡಿದರು, ತಾನು ಗೇಟು ನೋಡಿದೆ, ವ್ಯತ್ಯಾಸ ಏನು?

ಪಾಯಸದ ಬಟ್ಟಲು ಕೆಳಗಿಟ್ಟ. "ಬೀಗರೇ, ಆ ಕಾರು ನನ್ನ ಸ್ನೇಹಿತಂದು. ಮೇಲೆ ಕಟ್ಟಿದೆಯಲ್ಲ, ಆ ಸೈಕಲ್ಲು ನಂದು."

ಎರಡೂ ನಿಜವೇ. ಮನೆಯಲ್ಲಿ ತನ್ನವೇ ಎರಡು ಕಾರುಗಳಿವೆ ಎನ್ನುವುದನ್ನು ಅವನು ಹೇಳಲಿಲ್ಲ, ಅಷ್ಟೇ. ಚಿಕ್ಕಬೈರಪ್ಪನವರ ನಗು ನಿಂತಿತು. ತಾಂಬೂಲದ ತಟ್ಟೆ ಹಿಡಿದು ಬರುತ್ತಿದ್ದ ಹೆಂಡತಿಗೆ ಅವರು ಕಣ್ಣಲ್ಲೇ ಸನ್ನೆ ಮಾಡಿದರು. ತಟ್ಟೆ ಬಂದ ದಾರಿಯಲ್ಲೇ ಒಳಗೆ ಹೋಯಿತು.

ಅಶ್ವತ್ಥ್ ಹೊರಬಂದು ಸೈಕಲ್ ಇಳಿಸಿಕೊಂಡ. ಪಂಚೆ ಎತ್ತಿಕಟ್ಟಿ ತುಳಿದು, ಊರಾಚೆಯ ಹುಣಸೆಮರದ ಕೆಳಗೆ ನಿಂತು ಮಗಳಿಗೆ ಫೋನು ಮಾಡಿದ. ಹೇಗೆ ಹೇಳಬೇಕೆಂದು ತಿಳಿಯದೆ ತಡವರಿಸಿದ.

"ಪದ್ಮಾ, ಗುಡಿಬಂಡೆಯೋರ್ದು... ಬೇಡ ಅಂತ ಬಂದ್ಬಿಟ್ಟೆ ಕಣಮ್ಮ. ಬೇಜಾರ್ ಮಾಡ್ಕೋಬೇಡ."

ಆ ಕಡೆಯಿಂದ ದೊಡ್ಡದೊಂದು ಉಸಿರು ಕೇಳಿಸಿತು. "ಸದ್ಯ! ಬದುಕ್ಕೊಂಡೆ ಅಪ್ಪಾ."

"ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?"

"ನೀವು ಕೇಳಿದ್ರಾ?" ಎಂದಳು ಪದ್ಮಶ್ರೀ.